ಡಾಕ್ಯುಮೆಂಟರಿಯಲ್ಲಿ ‘ಮರುನಟನೆ’ ಅಂದರೆ ಏನು?

ಘಟನೆ ನಡೆದಾಗ ಅಲ್ಲಿ ಕ್ಯಾಮೆರಾ ಇರಲಿಲ್ಲ. ಆಮೇಲೆ ಅದೇ ಜನರಿಂದಲೋ ನಟರಿಂದಲೋ ಅದನ್ನು ಮತ್ತೆ ಮಾಡಿಸಿ ಚಿತ್ರೀಕರಿಸಿದರೆ ಅದು ಮರುನಟನೆ. ಸಿನಿಮಾದವರ ಬಾಯಲ್ಲಿ ರೀ-ಎನಾಕ್ಟ್‌ಮೆಂಟ್. ಡಾಕ್ಯುಮೆಂಟರಿ ಅಂದಮೇಲೆ ಎಲ್ಲ ನಿಜವೇ ಇರಬೇಕು, ಅಲ್ವಾ? ಹಾಗಾದರೆ ಇದು ಮೋಸವೇ?

ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ ಎಂಬ ಡಾಕ್ಯುಮೆಂಟರಿ ಬಂದದ್ದು 1922ರಲ್ಲಿ. ಕೆನಡಾದ ಹಿಮಪ್ರದೇಶದ ಮೂಲನಿವಾಸಿಗಳಾದ ಇನುಯಿಟ್ ಜನರ ಒಂದು ಕುಟುಂಬದ ಕತೆ ಅದು. ನಾನೂಕ್ ಆಗಿ ಕಾಣಿಸಿಕೊಂಡವನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ತೆರೆಯ ಮೇಲಿನ ಹೆಂಡತಿ ಅವನ ಹೆಂಡತಿಯಲ್ಲ. ಇಗ್ಲೂ, ಅಂದರೆ ಹಿಮದ ಮನೆಯ ಒಳಗೆ ಆಗಿನ ದೊಡ್ಡ ಕ್ಯಾಮೆರಾ ಹಿಡಿಸುತ್ತಿರಲಿಲ್ಲ, ಬೆಳಕೂ ಸಾಲುತ್ತಿರಲಿಲ್ಲ. ಅದಕ್ಕೆ ದೊಡ್ಡದಾಗಿ ಕಟ್ಟಿ, ಒಂದು ಬದಿಯನ್ನೇ ತೆರೆದಿಟ್ಟರು. ಮನೆಯವರು ‘ಒಳಗೆ’ ಮಲಗಿ ಏಳುವ ದೃಶ್ಯವನ್ನು ಆ ಕೊರೆಯುವ ಚಳಿಗೆ ಮೈಯೊಡ್ಡಿಯೇ ತೆಗೆದರು.

ಇಗ್ಲೂ ಬಗ್ಗೆ ನನಗೆ ತಕರಾರಿಲ್ಲ. ಇಗ್ಲೂ ಒಳಗಿನ ಬದುಕನ್ನು ತೋರಿಸಲು ಬೇರೆ ದಾರಿ ಇರಲಿಲ್ಲ. ಬೇಟೆಯ ವಿಷಯ ಬೇರೆ. ಆ ಹೊತ್ತಿಗಾಗಲೇ ಅಲ್ಲಿನವರ ಕೈಗೆ ಬಂದೂಕು ಬಂದಿತ್ತು. ಚಿತ್ರದಲ್ಲಿ ಮಾತ್ರ ಹಳೇ ಕಾಲದ ಈಟಿ. ಹೊಸ ಕಾಲದಲ್ಲಿ ಬದುಕುತ್ತಿದ್ದವರನ್ನು ಫ್ಲಾಹರ್ಟಿ ಹಳೇ ಕಾಲಕ್ಕೆ ತಳ್ಳಿದ. ಅದು ಆಟ ಅಂತ ಅಭಿನಯಿಸಿದವರಿಗೆ ಗೊತ್ತಿತ್ತು, ಟಿಕೆಟ್ ಕೊಂಡವರಿಗೆ ಗೊತ್ತಿರಲಿಲ್ಲ.

ಮರುನಟನೆಯಿಂದಲೇ ಸತ್ಯ ಹೊರಬರುವುದೂ ಉಂಟು. ಎರೋಲ್ ಮೊರಿಸ್‌ನ ‘ದಿ ಥಿನ್ ಬ್ಲೂ ಲೈನ್’ (1988) ನೋಡಿ. ಅಮೆರಿಕದ ಡಲ್ಲಾಸ್‌ನಲ್ಲಿ 1976ರಲ್ಲಿ ಒಬ್ಬ ಪೊಲೀಸನ ಕೊಲೆಯಾಗಿತ್ತು. ಆ ರಾತ್ರಿಯನ್ನು ಮೊರಿಸ್ ಮತ್ತೆ ಮತ್ತೆ ನಟರಿಂದ ಮಾಡಿಸಿ ತೋರಿಸುತ್ತಾನೆ, ಪ್ರತಿ ಸಲವೂ ಬೇರೆ ಬೇರೆ ಹೇಳಿಕೆಯ ಪ್ರಕಾರ. ‘ಹೀಗೇ ನಡೆಯಿತು’ ಎಂದು ಯಾವ ದೃಶ್ಯವೂ ಹೇಳುವುದಿಲ್ಲ. ಒಂದಕ್ಕೊಂದು ಹೊಂದದ ಆ ದೃಶ್ಯಗಳನ್ನು ನೋಡುತ್ತಾ ಸಾಕ್ಷಿಗಳ ಮೇಲಿನ ನಂಬಿಕೆ ಕುಸಿಯುತ್ತದೆ. ಆ ಕೇಸಿನಲ್ಲಿ ಜೈಲಿನಲ್ಲಿದ್ದ ವ್ಯಕ್ತಿ 1989ರಲ್ಲಿ ಬಿಡುಗಡೆಯಾದ. ನನ್ನ ಮಟ್ಟಿಗೆ ಮರುನಟನೆಯನ್ನು ಇದಕ್ಕಿಂತ ಪ್ರಾಮಾಣಿಕವಾಗಿ ಬಳಸಿದ ಚಿತ್ರ ಸಿಗುವುದು ಕಷ್ಟ.

ಇನ್ನು ಶುದ್ಧ ಸುಳ್ಳಿಗೆ ಡಿಸ್ನಿಯ ‘ವೈಟ್ ವೈಲ್ಡರ್‌ನೆಸ್’ (1958) ಸಾಕು. ಲೆಮ್ಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ಗುಂಪುಗುಂಪಾಗಿ ನೀರಿಗೆ ಹಾರುವುದನ್ನು ಅದು ತೋರಿಸಿತು. ಅವನ್ನು ಬೇರೆ ಕಡೆಯಿಂದ ತಂದು, ದಡದ ಮೇಲಿಂದ ತಳ್ಳಿದ್ದರು! ಚಿತ್ರಕ್ಕೆ ಆಸ್ಕರ್ ಕೂಡ ಬಂತು. ಇದು ಮರುನಟನೆಯೇ ಅಲ್ಲ, ಏಕೆಂದರೆ ಲೆಮ್ಮಿಂಗ್‌ಗಳು ಹೀಗೆ ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುವುದೇ ಇಲ್ಲ. ನಡೆಯದೇ ಇದ್ದದ್ದನ್ನು ‘ಮರು’ ನಟಿಸುವುದು ಹೇಗೆ?

ಹಾಗಾಗಿ ನಟನೆ ಇದೆಯೋ ಇಲ್ಲವೋ ಎಂಬುದಕ್ಕಿಂತ, ನೋಡುವವರು ಅದನ್ನು ಏನೆಂದು ತಿಳಿಯಲಿ ಅಂತ ತೋರಿಸಿದ್ದಾರೆ ಎಂದು ಕೇಳುವುದು ಮೇಲು. ಈಗಂತೂ ನಟರೂ ಬೇಕಿಲ್ಲ. ಬಾಣಸಿಗ, ಬರಹಗಾರ ಆಂಥೊನಿ ಬೋರ್ಡೇನ್ 2018ರಲ್ಲಿ ತೀರಿಕೊಂಡರು. ಅವರ ಬಗ್ಗೆ 2021ರಲ್ಲಿ ಬಂದ ‘ರೋಡ್‌ರನ್ನರ್’ನಲ್ಲಿ ಕೆಲವು ಸಾಲುಗಳನ್ನು ಎಐ ಮೂಲಕ ಅವರದೇ ದನಿಯಂತೆ ಹೇಳಿಸಿದರು. ಸಾಲುಗಳು ಅವರೇ ಬರೆದವು, ದನಿ ಮಾತ್ರ ಯಂತ್ರದ್ದು. ಚಿತ್ರದೊಳಗೆ ಇದನ್ನು ಎಲ್ಲೂ ಹೇಳಿರಲಿಲ್ಲ. ನಿರ್ದೇಶಕರು ಸಂದರ್ಶನದಲ್ಲಿ ಬಾಯಿಬಿಟ್ಟ ಮೇಲೆಯೇ ಗಲಾಟೆ ಶುರುವಾಗಿದ್ದು.