ಹೆಸರೇ ಗೊತ್ತಿಲ್ಲದ ಜೀವಿಗಳಿಗೆ ಸಮುದ್ರದಲ್ಲಿ ಜಾಗ ಹುಡುಕುವುದು ಹೇಗೆ?

ಚಿತ್ರದುರ್ಗದಿಂದ ಹಿರಿಯೂರು ಕಡೆ ಹೊರಟರೆ ಐಮಂಗಲದ ಹತ್ತಿರ ಮರಡಿಹಳ್ಳಿ ಸಿಗುತ್ತದೆ. ಅಲ್ಲಿನ ದುಂಡಗೆ ಉಬ್ಬಿದ ಬಂಡೆಗಳಿಗೆ ಭೂವಿಜ್ಞಾನಿಗಳು ದಿಂಬು ಲಾವಾ ಎನ್ನುತ್ತಾರೆ. ಕುದಿಯುವ ಲಾವಾ ನೀರೊಳಗೆ ಉಕ್ಕಿ ತಟ್ಟನೆ ಆರಿದಾಗ ಈ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಒಣಸೀಮೆ ನೀರಿನ ತಳದಲ್ಲಿತ್ತು. ಈಗ ಇಲ್ಲಿನವರಿಗೆ ಕಡಲಿನ ನಂಟು ಐಸ್ ಪೆಟ್ಟಿಗೆಯಲ್ಲಿ ಬರುವ ಬಂಗಡೆಯಷ್ಟೇ.

ಇಂಥ ಬಂಡೆ ಇವತ್ತಿಗೂ ಸಮುದ್ರದ ತಳದಲ್ಲಿ ಹುಟ್ಟುತ್ತಿದೆ. ಸ್ಪಂಜು, ಹವಳಗಳು ಅಂಟಿಕೊಂಡು ಬೆಳೆಯುವುದಕ್ಕೆ ಅಂಥ ಗಟ್ಟಿ ನೆಲವೇ ಬೇಕು. ಪಕ್ಕದಲ್ಲೇ ಕೆಸರಿನ ತಳವಿದ್ದರೆ ಅಲ್ಲಿರುವವರು ಬೇರೆ: ಹೂತುಕೊಂಡು ಬದುಕುವ ಹುಳುಗಳು, ಚಿಪ್ಪುಜೀವಿಗಳು. ನೆಲ ಬದಲಾದರೆ ಜನವೂ ಬದಲು. ಸಮುದ್ರ ಮೀಸಲು ಪ್ರದೇಶ, ಅಂದರೆ ಮೀನು ಹಿಡಿಯುವುದನ್ನು ನಿಲ್ಲಿಸಿ ಇಲ್ಲವೇ ಮಿತಿಗೊಳಿಸಿ ಕಾಪಾಡುವ ಕಡಲ ಜಾಗ, ರೂಪಿಸುವವರ ಕೈಯಲ್ಲಿರುವ ಮುಖ್ಯ ಸುಳಿವು ಇದೇ.

ಯಾಕೆಂದರೆ ಅಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಅವರ ಬಳಿ ಇಲ್ಲ. ಸಮುದ್ರದಲ್ಲಿ ಸುಮಾರು 22 ಲಕ್ಷ ಬಗೆಯ ಜೀವಿಗಳಿರಬಹುದು, ಅದರಲ್ಲಿ ನೂರಕ್ಕೆ 91ಕ್ಕೆ ಇನ್ನೂ ಹೆಸರೇ ಇಟ್ಟಿಲ್ಲ ಎಂದು 2011ರ ಒಂದು ಅಂದಾಜು ಹೇಳಿತು. ಕಡಲ ತಳದ ನಕ್ಷೆಯ ಕಥೆಯೂ ಅಷ್ಟೇ. ಈಗಿನ ಉಪಕರಣಗಳಿಂದ ವಿವರವಾಗಿ ಅಳೆದಿರುವುದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಇರುವ ಮಾಹಿತಿಯೂ ಒಂದೇ ಕಡೆ ಗುಡ್ಡೆ ಬಿದ್ದಿದೆ. ಬಂದರಿಗೆ ಹತ್ತಿರ, ನೀರು ತಿಳಿ, ಮುಳುಗಿ ನೋಡಲು ಸುಲಭ ಅಂಥ ಕಡೆ ಜೀವಿಗಳ ಪಟ್ಟಿ ಉದ್ದವಾಗುತ್ತದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಮಾಡಲು ಜನ ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ಟ್ರಾಲ್ ಬೋಟುಗಳು ಬಲೆ ಎಳೆಯುವ ಕೆಸರಿನ ತಳವನ್ನು ನೋಡಲು ಯಾರು ಹೋಗುತ್ತಾರೆ? ಹಾಗಾಗಿ ಜೀವವೈವಿಧ್ಯದ ನಕ್ಷೆ ಎಂದು ತೋರಿಸುವುದು ಎಷ್ಟೋ ಸಲ ವಿಜ್ಞಾನಿಗಳು ಓಡಾಡಿದ ದಾರಿಯ ನಕ್ಷೆಯಾಗಿರುತ್ತದೆ.

ಆದ್ದರಿಂದ ಜೀವಿಗಳನ್ನು ಬಿಟ್ಟು ನೆಲವನ್ನು ಎಣಿಸುತ್ತಾರೆ. ನಮ್ಮ ಕಡೆ ಹೊಸ ಊರಿಗೆ ಹೋದ ರೈತ ಮಾಡುವುದೂ ಇದನ್ನೇ ಅಲ್ವಾ? ಚಳ್ಳಕೆರೆ ಕಡೆಯ ಕೆಂಪು ನೆಲ ಕಂಡರೆ ಶೇಂಗಾ ಅನ್ನುತ್ತಾನೆ, ಎರೆ ಹೊಲ ಕಂಡರೆ ಕಡಲೆ, ಹತ್ತಿ ಅನ್ನುತ್ತಾನೆ. ಬೆಳೆ ನೋಡಬೇಕಿಲ್ಲ. ಸಮುದ್ರದಲ್ಲಿ ಆಳ, ತಳದ ಬಗೆ, ನೀರಿನ ಬಿಸಿ, ಉಪ್ಪಿನಂಶ, ಪ್ರವಾಹ ಇವನ್ನು ನೋಡಿ ಪ್ರದೇಶಗಳನ್ನು ಬಿಡಿಸುತ್ತಾರೆ. ಆಮೇಲೆ ಪ್ರತಿಯೊಂದು ಬಗೆಯಲ್ಲೂ ಒಂದಷ್ಟು ಪಾಲನ್ನು ಕಾಪಾಡುತ್ತಾರೆ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದ ದಿಬ್ಬಗಳ ಸಾಲಿರುವ ಕಡಲ ಪಾರ್ಕಿನಲ್ಲಿ. ಸುಮಾರು 3,44,400 ಚದರ ಕಿ.ಮೀ.ಯ ಆ ಪಾರ್ಕನ್ನು 70 ಜೈವಿಕ ಪ್ರದೇಶಗಳಾಗಿ ವಿಂಗಡಿಸಿದರು. ಅದರಲ್ಲಿ 30 ಹವಳದ ದಿಬ್ಬಗಳದ್ದು, 40 ದಿಬ್ಬಗಳಿಲ್ಲದ ತಳದ್ದು. ಪ್ರತಿಯೊಂದರಲ್ಲೂ ಕನಿಷ್ಠ ಶೇ. 20ರಷ್ಟು ಜಾಗದಲ್ಲಿ ಮೀನು ಹಿಡಿಯಬಾರದು ಎಂದು ಗುರಿ ಇಟ್ಟರು. ಯಾವ ತುಂಡುಗಳನ್ನು ಸೇರಿಸಿದರೆ ಕಡಿಮೆ ನಷ್ಟದಲ್ಲಿ ಗುರಿ ಮುಟ್ಟಬಹುದು ಎಂದು ಹುಡುಕಲು ಇಯಾನ್ ಬಾಲ್ ಮತ್ತು ಹ್ಯೂ ಪಾಸಿಂಗ್‌ಹ್ಯಾಮ್ ರೂಪಿಸಿದ ಮಾರ್ಕ್ಸಾನ್ ಎಂಬ ತಂತ್ರಾಂಶ ನೆರವಾಯಿತು. ಜನರಿಂದ 31,000ಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 2004ರ ಜುಲೈನಲ್ಲಿ ಹೊಸ ವಿಂಗಡಣೆ ಜಾರಿಯಾದಾಗ, ಮೀನು ಹಿಡಿಯಬಾರದ ಜಾಗ ಸುಮಾರು ಶೇ. 4.5ರಿಂದ ಶೇ. 33ಕ್ಕೆ ಏರಿತು. ನನಗೆ ಇಲ್ಲಿ ಇಷ್ಟವಾಗುವುದು ಶೇ. 33 ಅಲ್ಲ, ಯಾರಿಗೂ ಬೇಡವಾದ ಮರಳಿನ ತಳಕ್ಕೂ ಹವಳಕ್ಕೆ ಕೊಟ್ಟಷ್ಟೇ ಬೆಲೆ ಕೊಟ್ಟಿದ್ದು.

ನೆಲ ನೋಡಿ ಊಹಿಸುವುದು ಕೈಕೊಡುವುದೂ ಉಂಟು. ಈಗ ದಾವಣಗೆರೆ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ. ಮಾರುಕಟ್ಟೆ ನಡುವೆ ಬಂದ ಮೇಲೆ ಮಣ್ಣು ಬೆಳೆಯನ್ನು ಹೇಳುವುದಿಲ್ಲ. ಸಮುದ್ರದಲ್ಲೂ ಹಾಗೇ, ವರ್ಷಾನುಗಟ್ಟಲೆ ಬಲೆ ಎಳೆದು ಖಾಲಿಯಾದ ದಿಬ್ಬ ನಕ್ಷೆಯಲ್ಲಿ ತುಂಬಿದ ದಿಬ್ಬದ ಹಾಗೇ ಕಾಣುತ್ತದೆ. ಒಂದೇ ಮೂಲೆಯಲ್ಲಿ ಮಾತ್ರ ಬದುಕುವ ಅಪರೂಪದ ಜೀವಿಯೂ ಈ ಲೆಕ್ಕದಲ್ಲಿ ತಪ್ಪಿಹೋಗಬಹುದು. ಅದಕ್ಕೇ ಒಂದೇ ಬಗೆಯ ತಳವನ್ನು ಒಂದೇ ಕಡೆ ಕಾಪಾಡಿ ಸುಮ್ಮನಾಗಬಾರದು, ದೂರ ದೂರದ ಮೂರ್ನಾಲ್ಕು ಕಡೆ ಕಾಪಾಡಬೇಕು. ಒಂದು ಕಡೆ ಚಂಡಮಾರುತ ಬಡಿದರೆ ಇನ್ನೊಂದು ಕಡೆ ಉಳಿಯುತ್ತದೆ.

ಎಷ್ಟು ದೂರ? ಹೆಚ್ಚಿನ ಕಡಲ ಜೀವಿಗಳ ಲಾರ್ವಾಗಳು, ಅಂದರೆ ಮೊಟ್ಟೆಯೊಡೆದು ಬಂದ ಪುಟ್ಟ ಮರಿಗಳು, ನೀರಿನಲ್ಲಿ ತೇಲುತ್ತವೆ. ಅವು ಒಂದು ಮೀಸಲಿನಿಂದ ಇನ್ನೊಂದಕ್ಕೆ ತಲುಪಬೇಕು. ಕ್ಯಾಲಿಫೋರ್ನಿಯಾದ ಯೋಜನೆಯಲ್ಲಿ 50ರಿಂದ 100 ಕಿ.ಮೀ.ಗೆ ಒಂದರಂತೆ ಮೀಸಲು ಇರಲಿ ಎಂಬ ಸೂಚನೆ ಇತ್ತು. ಪ್ರತಿ ಜೀವಿಯ ವಿವರ ಗೊತ್ತಿಲ್ಲದೆಯೂ ಇಂಥ ಒರಟು ಲೆಕ್ಕದಿಂದ ಕೆಲಸ ಸಾಗುತ್ತದೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಕೆಪೆಲ್ ದ್ವೀಪಗಳಲ್ಲಿ ಎರಡು ಬಗೆಯ ಮೀನುಗಳ ಮರಿಗಳ ಡಿಎನ್‌ಎ ನೋಡಿ ತಂದೆತಾಯಿಗಳನ್ನು ಹುಡುಕಿದರು. ಅಲ್ಲಿ ದಿಬ್ಬಗಳ ಶೇ. 28ರಷ್ಟು ಮಾತ್ರ ಮೀಸಲು. ಆದರೆ ಸುತ್ತ 30 ಕಿ.ಮೀ.ಯೊಳಗೆ ಬಂದು ನೆಲೆಸಿದ ಮರಿಗಳಲ್ಲಿ ಸುಮಾರು ಅರ್ಧದಷ್ಟು ಮೀಸಲಿನಿಂದಲೇ ಬಂದಿದ್ದವು ಎಂದು 2012ರಲ್ಲಿ ಪ್ರಕಟಿಸಿದರು. ಕಾರಣ ಸರಳ. ಹಿಡಿಯದೆ ಬಿಟ್ಟ ಮೀನು ದೊಡ್ಡದಾಗುತ್ತದೆ, ದೊಡ್ಡ ಮೀನು ಜಾಸ್ತಿ ಮೊಟ್ಟೆ ಇಡುತ್ತದೆ.

ಮಾಹಿತಿ ಕಡಿಮೆ ಎಂಬುದಕ್ಕಿಂತ ನನಗೆ ಚಿಂತೆ ತರುವುದು ಬೇರೆ ಇದೆ. ಜೀವವೈವಿಧ್ಯ ಕಾಪಾಡಲು ದೇಶಗಳು ಮಾಡಿಕೊಂಡ 2022ರ ಕುನ್ಮಿಂಗ್-ಮಾಂಟ್ರಿಯಲ್ ಒಪ್ಪಂದದಲ್ಲಿ 2030ರೊಳಗೆ ಸಮುದ್ರದ ಶೇ. 30 ಕಾಪಾಡುವ ಮಾತಾಗಿದೆ. ಇಷ್ಟು ಎಂದು ಲೆಕ್ಕ ತೋರಿಸಬೇಕಾದಾಗ, ಯಾರೂ ಮೀನು ಹಿಡಿಯದ ದೂರದ ಜಾಗಕ್ಕೆ ಬೇಲಿ ಹಾಕುವುದು ಸುಲಭ. ಯಾರೂ ತಕರಾರು ಮಾಡುವುದಿಲ್ಲ, ಆದರೆ ಅದರಿಂದ ಬಲೆಗೆ ಬೀಳದೆ ಉಳಿಯುವ ಮೀನೂ ಇರುವುದಿಲ್ಲ. ಪ್ರತಿ ಬಗೆಯ ತಳದಲ್ಲೂ ಇಷ್ಟು ಪಾಲು ಎಂಬ ನಿಯಮ ಇದ್ದರೆ ಬಲೆ ಬೀಳುವ ಕೆಸರನ್ನೂ ಸೇರಿಸಲೇಬೇಕಾಗುತ್ತದೆ. ಆಗ ಮೀನುಗಾರರ ಜೊತೆ ಕೂತು ಮಾತಾಡಬೇಕು. ಮೀನು ಎಲ್ಲಿ ಮೊಟ್ಟೆ ಇಡುತ್ತದೆ, ಯಾವ ತಿಂಗಳು ಎಲ್ಲಿಗೆ ಹೋಗುತ್ತದೆ ಎಂಬುದು ಎಷ್ಟೋ ಕಡೆ ಅವರಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಿರುವುದೂ ಇಲ್ಲ.

ಎಲ್ಲ ತಿಳಿದ ಮೇಲೆ ಬೇಲಿ ಹಾಕೋಣ ಅನ್ನುವವರಿಗೆ ನ್ಯೂಜಿಲೆಂಡ್‌ನ ಲೀ (Leigh) ಊರಿನ ಮೀಸಲನ್ನು ತೋರಿಸಬೇಕು. ಸುಮಾರು 5 ಚದರ ಕಿ.ಮೀ.ಯ ಆ ಜಾಗವನ್ನು 1975ರಲ್ಲಿ ಮೀಸಲು ಮಾಡಿದರು. ಆಗ ಅಲ್ಲಿನ ಬಂಡೆಗಳ ಮೇಲೆ ಮೈತುಂಬ ಮುಳ್ಳಿರುವ ಸೀ ಅರ್ಚಿನ್‌ಗಳು ಕಡಲಕಳೆಯನ್ನು ತಿಂದು ಬೋಳು ಮಾಡಿದ್ದವು. ಹಿಡಿಯುವುದು ನಿಂತ ಮೇಲೆ ಸ್ನ್ಯಾಪರ್ ಮೀನು, ಲಾಬ್‌ಸ್ಟರ್ ಹೆಚ್ಚಾದವು. ಅವು ಅರ್ಚಿನ್‌ಗಳನ್ನು ತಿಂದವು, ಕೆಲ್ಪ್ ಎಂಬ ಕಡಲಕಳೆ ಮತ್ತೆ ಬೆಳೆಯಿತು. ಆ ಬೋಳು ಬಂಡೆಗೂ ಮೀನುಗಾರಿಕೆಗೂ ಇರುವ ನಂಟು ಅಲ್ಲಿ ಸ್ಪಷ್ಟವಾಗಿದ್ದು, ಮೀಸಲಿನ ಒಳಗನ್ನೂ ಹೊರಗನ್ನೂ ಹೋಲಿಸಿ ನೋಡಲು ಸಾಧ್ಯವಾದ ಮೇಲೆಯೇ.