ಮಾಡು ಬೇಕು, ಗೋಡೆ ಬೇಡ: ಕರಾವಳಿಯ ಪಿಕಲ್‌ಬಾಲ್ ಅಂಗಣ

ಪಿಕಲ್‌ಬಾಲ್ ಎಂದರೆ ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ಮೇಲಿಂದ ಹೊಡೆದಾಡುವ ಆಟ. ಅದರ ಅಂಗಣ ಕಟ್ಟಿಸಬೇಕೆಂದು ಬರುವವರು ಮೊದಲು ಕೇಳುವುದು ಒಂದೇ: "ಇಂಡೋರ್ ಒಳ್ಳೆಯದಾ ಸರ್, ಔಟ್‌ಡೋರ್ ಒಳ್ಳೆಯದಾ?" ಜಾಗ ಯಾವ ಊರಿನಲ್ಲಿದೆ, ಆಡುವವರು ಎಷ್ಟು ಗಂಟೆಗೆ ಬರುತ್ತಾರೆ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು. ಬೆಂಗಳೂರಿನಲ್ಲಿ ಸರಿಯಾದದ್ದು ಮಂಗಳೂರಿನಲ್ಲಿ ಸರಿಯಾಗುವುದಿಲ್ಲ.

ಈ ಆಟ ಹುಟ್ಟಿದ್ದು 1965ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ. ಅಂಥ ತಣ್ಣನೆಯ ಊರುಗಳಲ್ಲಿ ಇಂಡೋರ್ ಎಂದರೆ ಚಳಿ ತಪ್ಪಿಸಿಕೊಳ್ಳುವ ಜಾಗ: ನಾಲ್ಕು ಗೋಡೆ, ಮುಚ್ಚಿದ ಬಾಗಿಲು, ಒಳಗೆ ಹೀಟರು. ನಾವು ತಪ್ಪಿಸಿಕೊಳ್ಳಬೇಕಾದ್ದು ಮಳೆ, ಬಿಸಿಲು, ಸೆಕೆ. ಮೊದಲೆರಡಕ್ಕೆ ಮಾಡು, ಅಂದರೆ ಮೇಲ್ಛಾವಣಿ, ಸಾಕು. ಮೂರನೆಯದಕ್ಕೆ ಗೋಡೆಯೇ ಶತ್ರು. ಹಾಗಾಗಿ ಕರಾವಳಿಯಲ್ಲಿ ಅಂಗಣ ಕಟ್ಟಿಸುವವರಿಗೆ ನನ್ನ ಸಲಹೆ ಎತ್ತರದ ಮಾಡು, ಸುತ್ತ ಬಯಲು. ಇದನ್ನು ಇಂಡೋರ್ ಅನ್ನಿ, ಔಟ್‌ಡೋರ್ ಅನ್ನಿ, ನನಗೇನೂ ತಕರಾರಿಲ್ಲ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಬಯಲಿನಲ್ಲಿ ಅಂಗಣ ಮಾಡಿದರೆ ಆ ನಾಲ್ಕು ತಿಂಗಳು ಬೀಗ ಹಾಕಿದ ಲೆಕ್ಕ. ಮಳೆ ಬಿಟ್ಟ ದಿನವೂ ಆಟ ಸಿಗುವುದಿಲ್ಲ, ಏಕೆಂದರೆ ಬಿಸಿಲು ಕಾಣದ ಆಕ್ರಿಲಿಕ್ (ಅಂಗಣದ ನೆಲಕ್ಕೆ ಬಳಿಯುವ ಬಣ್ಣದ ಲೇಪ) ಮೇಲೆ ಪಾಚಿ ಹತ್ತಿರುತ್ತದೆ. ಬರಿಗಣ್ಣಿಗೆ ಅದು ಹಸಿರು ಬಣ್ಣದ ಅಂಗಣದಲ್ಲಿ ಗೊತ್ತೇ ಆಗದು, ಜಾರಿ ಬಿದ್ದ ಮೇಲೇ ಗೊತ್ತಾಗುವುದು. ಈ ಆಟವನ್ನು ಇಷ್ಟಪಟ್ಟು ಆಡುವವರಲ್ಲಿ ಐವತ್ತು ದಾಟಿದವರು ಬಹಳ. ಆ ವಯಸ್ಸಿನಲ್ಲಿ ಮಣಿಕಟ್ಟು ಮುರಿದರೆ ಸಣ್ಣ ವಿಷಯವಲ್ಲ.

ಬೆಂಗಳೂರಿನ ಕಥೆ ಬೇರೆ. ಅಲ್ಲಿ ವರ್ಷದ ಮಳೆ 1,000 ಮಿಲಿಮೀಟರಿನ ಆಸುಪಾಸು. ಬಯಲಿನ ಅಂಗಣಕ್ಕೆ ಅದು ಹೇಳಿ ಮಾಡಿಸಿದ ಹವೆ ಎಂದೇ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮೇ ತಿಂಗಳಲ್ಲೂ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಅಲ್ಲಿ ಮಳೆ ಸುರಿಯುವುದು ಹೆಚ್ಚಾಗಿ ಸಂಜೆಯ ಹೊತ್ತಿಗೆ, ಸರಿಯಾಗಿ ಆಫೀಸು ಬಿಟ್ಟವರು ಸ್ಲಾಟ್ ಬುಕ್ ಮಾಡುವ ಗಂಟೆಗೆ. ಮನೆಯ ಹಿಂದೆ ತಾವೇ ಆಡಲು ಮಾಡಿಸುವವರಿಗೆ ಇದರಿಂದ ನಷ್ಟವಿಲ್ಲ, ಬೆಳಗ್ಗೆ ಆಡಬಹುದು. ಗಂಟೆಗೆ ಇಷ್ಟು ಎಂದು ಬಾಡಿಗೆ ಬಿಡುವವರು ಮಾತ್ರ ವರ್ಷದ ಮಳೆಯ ಅಂಕಿ ಬಿಟ್ಟು ಸಂಜೆ ಆರರಿಂದ ಒಂಬತ್ತರ ಮಳೆಯನ್ನು ನೋಡಬೇಕು.

ಮಾಡಿನ ಕೆಲಸದಲ್ಲಿ ಎಲ್ಲರೂ ಎಡವುವುದು ಎರಚಲಿನ ಲೆಕ್ಕದಲ್ಲಿ. ಗೆರೆಯೊಳಗಿನ ಅಂಗಣ 20 ಅಡಿ ಅಗಲ, 44 ಅಡಿ ಉದ್ದ. ಓಡಾಡಲು ಸುತ್ತ ಜಾಗ ಸೇರಿ 34ಕ್ಕೆ 64 ಅಡಿ ಇದ್ದರೆ ಚೆನ್ನ. ಅಂದರೆ ಪಕ್ಕದ ಗೆರೆಯಾಚೆ ಎರಡೂ ಕಡೆ ಏಳೇಳು ಅಡಿ. ಲಾಬ್ (ಎದುರಾಳಿಯ ತಲೆಯ ಮೇಲಿಂದ ಎತ್ತರಕ್ಕೆ ಎತ್ತುವ ಹೊಡೆತ) ಹೊಡೆದಾಗ ಚೆಂಡು ತಾಗಬಾರದೆಂದು ಮಾಡನ್ನು 20 ಅಡಿ ಎತ್ತರಕ್ಕೆ ಏರಿಸುತ್ತೇವೆ. ಈಗ ನೈಋತ್ಯದಿಂದ ಗಾಳಿ ಬೀಸಿ ಮಳೆ 45 ಡಿಗ್ರಿ ವಾಲಿತೆನ್ನಿ. 20 ಅಡಿ ಎತ್ತರದ ಅಂಚಿನಿಂದ ನುಗ್ಗಿದ ನೀರು ನೆಲದ ಮೇಲೆ 20 ಅಡಿ ಒಳಗೆ ಬರುತ್ತದೆ. ಏಳಡಿ ಅಂಚು ಕಳೆದರೂ ಅಂಗಣದ ಹದಿಮೂರು ಅಡಿ ಒದ್ದೆ! ಲಕ್ಷಗಟ್ಟಲೆ ಸುರಿದು ಹಾಕಿದ ಮಾಡಿನ ಕೆಳಗೆ ಅರ್ಧಕ್ಕಿಂತ ಹೆಚ್ಚು ನೆಲ ನೆನೆದು ಕೂತಿರುತ್ತದೆ.

ಇದಕ್ಕೆ ಗೋಡೆ ಕಟ್ಟಬೇಕಿಲ್ಲ. ಮಳೆ ಬೀಳುವ ಪಶ್ಚಿಮ, ದಕ್ಷಿಣದ ಕಡೆ ಮಾಡನ್ನು ಇನ್ನೂ ಮೂರಡಿ ಹೊರಚಾಚಿ, ಅದರ ಅಂಚಿನಿಂದ ಶೀಟನ್ನು ಅಥವಾ ಲೂವರನ್ನು (ಓರೆ ಪಟ್ಟಿಗಳ ಜಾಲರಿ) ಕೆಳಗೆ ಇಳಿಬಿಡಿ, ನೆಲದಿಂದ ಒಂಬತ್ತು ಅಡಿಯವರೆಗೆ. ಆಗ ಎರಚಲು ಒಂಬತ್ತೇ ಅಡಿ ಒಳಬರುತ್ತದೆ, ಗೆರೆ ಇರುವುದು ಹತ್ತನೆಯ ಅಡಿಯಲ್ಲಿ. ಆಡುವವರ ಮೈಗೆ ತಾಗುವ ಗಾಳಿಗೆ ಒಂಬತ್ತು ಅಡಿ ಬಾಯಿ ತೆರೆದೇ ಇರುತ್ತದೆ. ಬಿರುಗಾಳಿಯ ದಿನ ನೀರು ಬಂದೇ ಬರುತ್ತದೆ, ಅಂಥ ದಿನ ಯಾರೂ ಆಡಲು ಬರುವುದಿಲ್ಲ ಬಿಡಿ.

ಇನ್ನು ಪೂರ್ತಿ ಮುಚ್ಚಿದ ಶೆಡ್ಡು. "ಗೋಡೆ ಕಟ್ಟಿದರೆ ಮಳೆಯ ರಗಳೆಯೇ ಇಲ್ಲವಲ್ಲ ಮಾರಾಯ್ರೆ" ಎನ್ನುವವರಿಗೆ ನಾನು ಹೇಳುವುದು, ಏಪ್ರಿಲ್‌ನ ಮಧ್ಯಾಹ್ನ ತಗಡಿನ ಯಾವುದಾದರೂ ಗೋದಾಮಿನೊಳಗೆ ಅರ್ಧ ಗಂಟೆ ನಿಂತು ಬನ್ನಿ ಎಂದು. ಮೈ ತಣ್ಣಗಾಗುವುದು ಬೆವರು ಬಂದಾಗ ಅಲ್ಲ, ಬೆವರು ಆರಿದಾಗ. ನಮ್ಮ ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಮೊದಲೇ ತುಂಬಿರುತ್ತದೆ. ಆ ಗಾಳಿಯನ್ನೂ ನಿಲ್ಲಿಸಿಬಿಟ್ಟರೆ ಬೆವರು ಆರದೆ ತೊಟ್ಟಿಕ್ಕುತ್ತದೆ, ಮೈಯೊಳಗಿನ ಶಾಖ ಅಲ್ಲೇ ಉಳಿಯುತ್ತದೆ. ಹೊರಗೆ ಮರದ ನೆರಳಿನಲ್ಲಿ ಆಡುವುದಕ್ಕಿಂತ ಇದು ಅಪಾಯ. ರಾತ್ರಿಯದು ಇನ್ನೊಂದು ಪಾಡು: ಬರಿಯ ತಗಡು ತೆರೆದ ಆಕಾಶದ ಕೆಳಗೆ ಬೇಗ ತಣಿಯುತ್ತದೆ, ಒಳಗಿನ ತೇವ ಅದರ ಅಡಿಮೈಗೆ ಹನಿಗಟ್ಟಿ ಬೆಳಗಿನ ಜಾವ ಅಂಗಣಕ್ಕೆ ಉದುರುತ್ತದೆ. ಮಳೆಯೇ ಇಲ್ಲದ ದಿನ ನೆಲ ಒದ್ದೆ ಯಾಕೆಂದು ಮಾಲೀಕರು ಸೋರುವ ಜಾಗ ಹುಡುಕುತ್ತಿರುತ್ತಾರೆ. ಶೀಟಿನಡಿ ಇನ್ಸುಲೇಷನ್ ಹಾಕಿ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ದಾರಿ ಬಿಟ್ಟರೆ ಈ ಎರಡೂ ತೊಂದರೆ ಬಹಳಷ್ಟು ತಗ್ಗುತ್ತವೆ.

ಎಸಿ? ಕರೆಂಟ್ ಬಿಲ್ ಕಟ್ಟುವ ಶಕ್ತಿ ಇದ್ದರೆ ಹಾಕಿ, ಆದರೆ ಅದನ್ನು ಆಟದ ಹೊತ್ತಿಗೆ ಮಾತ್ರ ಓಡಿಸಿ ಬಾಗಿಲು ತೆರೆದಿಟ್ಟರೆ ತಣ್ಣಗಾದ ನೆಲದ ಮೇಲೆ ಹೊರಗಿನ ತೇವ ಕೂತು ನೆಲ ಬೆವರುತ್ತದೆ, ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿಯ ಹಾಗೆ.

ಇದ್ದ ಬ್ಯಾಡ್ಮಿಂಟನ್ ಹಾಲನ್ನೇ ಬದಲಿಸುವ ಯೋಚನೆ ಹಲವರಿಗೆ ಬರುತ್ತದೆ. ಅಳತೆ ಕೂಡಿಬರುತ್ತದೆ, ಡಬಲ್ಸ್ ಬ್ಯಾಡ್ಮಿಂಟನ್ ಅಂಗಣವೂ 20ಕ್ಕೆ 44 ಅಡಿಯೇ. ಕೂಡಿಬರದ್ದು ನೆಲ. ನಿಯಮದ ಚೆಂಡನ್ನು 78 ಇಂಚು ಎತ್ತರದಿಂದ ಕಲ್ಲುಹಾಸಿನ ಮೇಲೆ ಬಿಟ್ಟರೆ 30ರಿಂದ 34 ಇಂಚು ಪುಟಿಯಬೇಕು. ಮೆತ್ತನೆಯ ಮ್ಯಾಟ್ ಮೇಲೆ ಅದು ಸತ್ತು ಬೀಳುತ್ತದೆ. ಚೆಂಡಿನ ಆಯ್ಕೆಯೂ ಇಲ್ಲೇ ಬರುತ್ತದೆ. ಒಳಾಂಗಣದ ಚೆಂಡಿಗೆ ಸಾಮಾನ್ಯವಾಗಿ 26 ದೊಡ್ಡ ತೂತು, ಹೊರಾಂಗಣದ್ದಕ್ಕೆ 40 ಸಣ್ಣ ತೂತು. ಗೋಡೆಯಿಲ್ಲದ ಮಾಡಿನಡಿ ಯಾವುದು ಎಂದು ಕೇಳಿದರೆ ನನ್ನ ಮತ 40ಕ್ಕೆ, ಏಕೆಂದರೆ ನಮ್ಮಲ್ಲಿ ಮಧ್ಯಾಹ್ನವಾದರೆ ಕಡಲ ಗಾಳಿ ಏಳುತ್ತದೆ, ಹೊರಾಂಗಣದ ಚೆಂಡು ಗಾಳಿಗೆ ಅಷ್ಟಾಗಿ ದಾರಿ ತಪ್ಪುವುದಿಲ್ಲ.

ಆ ಗಾಳಿಯದ್ದೂ ಒಂದು ಪೇಚು. ಕಣ್ಣಿಗೆ ಬಿಸಿಲು ಹೊಡೆಯಬಾರದೆಂದರೆ ಅಂಗಣದ ಉದ್ದ ಉತ್ತರ-ದಕ್ಷಿಣ ಇರಬೇಕು. ಇದರಲ್ಲಿ ರಾಜಿ ಬೇಡ. ಆದರೆ ಹಾಗೆ ಮಾಡಿದರೆ ಪಶ್ಚಿಮದ ಗಾಳಿ ಅಡ್ಡ ಹೊಡೆಯುತ್ತದೆ, ಚೆಂಡಿನ ತೂಕ ಜಾಸ್ತಿಯೆಂದರೆ 26.5 ಗ್ರಾಂ. ಪಶ್ಚಿಮಕ್ಕೆ ಆರಡಿ ಎತ್ತರದ ಹಸಿರು ಬಲೆ ಕಟ್ಟಿದರೆ ನೆಟ್ ಮಟ್ಟದ ಗಾಳಿ ಸಾಕಷ್ಟು ಮುರಿಯುತ್ತದೆ. ಕೆಳಗಿಂದ ಮೇಲಿನವರೆಗೂ ಬಲೆ ಎಳೆಯಬೇಡಿ, ಅದು ಮತ್ತೆ ಗೋಡೆಯೇ ಆಯಿತು.

ಸದ್ದಿನ ಬಗ್ಗೆ ಒಂದು ಮಾತು. ಗಟ್ಟಿ ಪ್ಯಾಡಲ್‌ಗೆ ಪ್ಲಾಸ್ಟಿಕ್ ಚೆಂಡು ತಾಗುವ ಟಕ್ ಟಕ್ ಪಕ್ಕದ ಮನೆಯವರ ನಿದ್ದೆ ಕೆಡಿಸುತ್ತದೆ. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ಮನೆಗಳ ನಡುವೆ ಅಂಗಣ ಮಾಡುವಾಗ ಮಾತ್ರ ಒಂದು ಬದಿಗೆ ಗೋಡೆ ಬೇಕೆನ್ನುವುದನ್ನು ನಾನು ಒಪ್ಪುತ್ತೇನೆ.

ಮಾಡು ಇದ್ದರೂ ನೆಲಕ್ಕೆ ವಾಟ ಬೇಕು. ಹತ್ತಡಿಗೆ ಒಂದಿಂಚು, ಒಂದೇ ದಿಕ್ಕಿಗೆ, ಒಂದು ಬದಿಯಿಂದ ಇನ್ನೊಂದು ಬದಿಗೆ. ನಡುವೆ ಉಬ್ಬು ಮಾಡಿ ಎರಡೂ ಕಡೆ ಹರಿಸುತ್ತೇನೆ ಎನ್ನುವ ಮೇಸ್ತ್ರಿಗೆ ಒಪ್ಪಬೇಡಿ. ಕಾಂಕ್ರೀಟ್ ಒಣಗಿದ ಮೇಲೆ ನೀರು ಹಾಯಿಸಿ ಒಂದು ಗಂಟೆ ಬಿಟ್ಟು ನೋಡಿ. ನಿಂತ ನೀರಿನಲ್ಲಿ ಐದು ರೂಪಾಯಿ ನಾಣ್ಯ ಮಲಗಿಸಿದರೆ ಮುಳುಗುತ್ತದೆಯೇ? ಆ ತಗ್ಗನ್ನು ಬಣ್ಣಕ್ಕೆ ಮೊದಲು ತುಂಬಿಸಿ. ಕಾಂಕ್ರೀಟಿನ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಮಳೆಗಾಲದಲ್ಲಿ ನೆಲದ ತೇವ ಮೇಲೇರಿ ಆಕ್ರಿಲಿಕ್ ಗುಳ್ಳೆ ಏಳುತ್ತದೆ, ಮಾಡು ಎಷ್ಟೇ ಚೆನ್ನಾಗಿದ್ದರೂ.

ಕೆಲಸದ ಹೊತ್ತನ್ನೂ ನೋಡಿಕೊಳ್ಳಿ. ಕಾಂಕ್ರೀಟ್ ಹಾಕಿ 28 ದಿನವಾದರೂ ಆಗದೆ ಆಕ್ರಿಲಿಕ್ ಬಳಿಯುವಂತಿಲ್ಲ, ಮೋಡದ ತೇವದಲ್ಲಿ ಅದು ಒಣಗುವುದೂ ಇಲ್ಲ. ನವೆಂಬರ್‌ನಲ್ಲಿ ನೆಲ ಅಗೆದು, ಡಿಸೆಂಬರ್ ಕೊನೆಯೊಳಗೆ ಕಾಂಕ್ರೀಟ್ ಮುಗಿಸಿ, ಫೆಬ್ರವರಿಯಲ್ಲಿ ಬೆಳಗಿನ ತಂಪಿಗೆ ಬಣ್ಣ ಬಳಿಸಿದರೆ ಸರಿಯಾಗುತ್ತದೆ. ಏಪ್ರಿಲ್‌ನಲ್ಲಿ ಬಂದು ಮಳೆಗಾಲಕ್ಕೆ ಮುಂಚೆ ಮಾಡಿಕೊಡಿ ಎನ್ನುವವರಿಗೆ ನಾನು ಮುಂದಿನ ನವೆಂಬರ್ ದಿನಾಂಕವನ್ನೇ ಕೊಡುತ್ತೇನೆ.