ಹಡಗಿಗೂ ದಕ್ಕೆಗೂ ನಡುವಿನ ಹನ್ನೆರಡು ಮೀಟರ್

ವೀಲ್‌ಚೇರ್ ಬಳಸುವವರು ಕ್ರೂಸ್ ಬುಕ್ ಮಾಡುವಾಗ ಮೊದಲು ವಿಚಾರಿಸುವುದು ರೂಮನ್ನು. ಬಾಗಿಲು ಎಷ್ಟು ಅಗಲ, ಬಾತ್‌ರೂಮಿನಲ್ಲಿ ಹಿಡಿಕೆ ಇದೆಯಾ, ಮಂಚ ಎಷ್ಟು ಎತ್ತರ. ವಿಚಾರಿಸಲೇಬೇಕು. ಆದರೆ ದೊಡ್ಡ ಹಡಗಿನ ಒಳಗೆ ಒಮ್ಮೆ ಸೇರಿಕೊಂಡರೆ ಅರ್ಧ ಕಷ್ಟ ಕಳೆದಂತೆಯೇ. ಲಿಫ್ಟ್ ಇದೆ, ಊಟದ ಹಾಲ್, ನಾಟಕ, ಈಜುಕೊಳ ಎಲ್ಲ ಒಂದೇ ಸೂರಿನಡಿ ಇವೆ. ದಿನಕ್ಕೊಂದು ಹೋಟೆಲ್, ದಿನಕ್ಕೊಂದು ಹೊಸ ಬಾತ್‌ರೂಮಿನ ಜೊತೆ ಗುದ್ದಾಡುವ ಗೋಳಿಲ್ಲ. ಒಮ್ಮೆ ಪೆಟ್ಟಿಗೆ ಬಿಚ್ಚಿಟ್ಟರೆ ಮುಗೀತು, ಊರುಗಳೇ ಕಿಟಕಿ ಹತ್ತಿರ ಬರುತ್ತವೆ. ನಿಜವಾದ ಪೇಚಾಟ ಶುರುವಾಗುವುದು ಇಳಿಯುವಾಗ, ಹಡಗಿಗೂ ದಕ್ಕೆಗೂ ನಡುವಿನ ಹತ್ತು ಹನ್ನೆರಡು ಮೀಟರಿನಲ್ಲಿ. ಬ್ರೋಷರ್‌ಗಳಲ್ಲಿ ಈ ಜಾಗದ ಫೋಟೋ ಇರುವುದೇ ಇಲ್ಲ.

ಅಷ್ಟನ್ನು ದಾಟಿಸುವುದು ಗ್ಯಾಂಗ್‌ವೇ ಎಂಬ ಸಣ್ಣ ಸೇತುವೆ. ಅದರ ಒಂದು ತುದಿ ಹಡಗಿನ ಪಕ್ಕೆಯಲ್ಲಿರುವ ಬಾಗಿಲಿಗೆ, ಇನ್ನೊಂದು ದಕ್ಕೆಯ ಕಾಂಕ್ರೀಟಿಗೆ. ಕಟ್ಟಡಗಳ ರ‍್ಯಾಂಪಿಗೆ ಒಂದು ಲೆಕ್ಕವಿದೆ: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ಇದನ್ನು 1:12 ಎನ್ನುತ್ತಾರೆ. ಅಮೆರಿಕದ ನಿಯಮದಲ್ಲೂ ಇದೇ ಇದೆ, ನಮ್ಮ ದೇಶದ ಮಾರ್ಗಸೂಚಿಯಲ್ಲೂ ಇದೇ. ಈಗ ಗ್ಯಾಂಗ್‌ವೇ ಹನ್ನೆರಡು ಮೀಟರ್ ಉದ್ದ ಇದೆ, ಹಡಗಿನ ಬಾಗಿಲು ದಕ್ಕೆಗಿಂತ ಒಂದು ಮೀಟರ್ ಮೇಲಿದೆ ಎಂದುಕೊಳ್ಳಿ. ಸರಿಯಾಗಿ 1:12 ಆಯಿತು. ಆಳು, ಕುರ್ಚಿ, ಮಡಿಲಲ್ಲಿರುವ ಚೀಲ ಎಲ್ಲ ಸೇರಿ ನೂರು ಕೆಜಿ ಇದ್ದರೆ, ಹಿಂದೆ ತಳ್ಳುವವರು ಎಂಟು ಕೆಜಿಯಷ್ಟು ಭಾರವನ್ನು ತಡೆದು ಹಿಡಿಯಬೇಕು. ಇಷ್ಟು ಯಾರಿಗೂ ಕಷ್ಟವಲ್ಲ.

ಮಧ್ಯಾಹ್ನದ ಹೊತ್ತಿಗೆ ಉಬ್ಬರ ಬಂತು, ನೀರು ಮೂರು ಮೀಟರ್ ಏರಿತು. ನೀರಿನ ಜೊತೆ ಹಡಗೂ ಏರಿತು. ದಕ್ಕೆ ಮಾತ್ರ ಇದ್ದಲ್ಲೇ ಇದೆ. ಈಗ ಅದೇ ಹನ್ನೆರಡು ಮೀಟರ್ ಸೇತುವೆ ನಾಲ್ಕು ಮೀಟರ್ ಏರಬೇಕು. ಇಳಿಜಾರು 1:3 ಆಯಿತು, ಅಂದರೆ ಹದಿನೆಂಟು ಡಿಗ್ರಿಗಿಂತ ಜಾಸ್ತಿ. ತಡೆಯಬೇಕಾದ ಭಾರ ಎಂಟರಿಂದ ಮೂವತ್ತೆರಡು ಕೆಜಿಗೆ ಹಾರಿತು. ಮೋಟಾರಿನ ಕುರ್ಚಿಯಾದರೆ ಬ್ಯಾಟರಿ, ಆಳು ಎಲ್ಲ ಸೇರಿ ಇನ್ನೂರು ಕೆಜಿ ದಾಟುವುದುಂಟು. ಆಗ ಈ ಲೆಕ್ಕ ದುಪ್ಪಟ್ಟು. ಇಬ್ಬರು ಗಟ್ಟಿ ಆಳುಗಳಿಗೂ ಮೈ ಬೆವರುತ್ತದೆ.

ಭಾರದ ಮಾತು ಅಷ್ಟಾಯಿತು. ಏರುವಾಗ ಕುರ್ಚಿಯಲ್ಲಿ ಕೂತವರ ಭಾರವೆಲ್ಲ ಹಿಂದಿನ ಚಕ್ರದ ಮೇಲೆ ಸರಿಯುತ್ತದೆ, ಮುಂದಿನ ಸಣ್ಣ ಚಕ್ರಗಳು ನೆಲ ಬಿಡಲು ನೋಡುತ್ತವೆ. ಇಳಿಯುವಾಗ ಇದರ ಉಲ್ಟಾ, ಮುಂದಕ್ಕೆ ಮುಗ್ಗರಿಸುವ ಭಯ. ಅದಕ್ಕೇ ಪಳಗಿದ ಸಿಬ್ಬಂದಿ ಕಡಿದಾದ ಜಾಗದಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿಯೇ ಇಳಿಸುತ್ತಾರೆ. ಗ್ಯಾಂಗ್‌ವೇಯ ಕೆಳತುದಿಯನ್ನು ಗಮನಿಸಿ. ಅಲ್ಲಿ ಸಣ್ಣ ಗಾಲಿಗಳಿರುತ್ತವೆ, ಹಡಗು ಅಲುಗಿದಂತೆ ಆ ತುದಿ ದಕ್ಕೆಯ ಮೇಲೆ ಹಿಂದೆ ಮುಂದೆ ಉರುಳುತ್ತಿರುತ್ತದೆ. ಅದರ ಮುಂದೆ ಒಂದು ಲೋಹದ ತಗಡು. ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಆ ಮೂಲೆಯಲ್ಲೇ ಕುರ್ಚಿಯ ಕಾಲಿಡುವ ಪಟ್ಟಿ ತಗುಲಿ ನಿಂತುಬಿಡುತ್ತದೆ. ಕಾಲುಪಟ್ಟಿಯನ್ನು ಎರಡು ಇಂಚು ಮೇಲೆತ್ತುವುದು ಹೇಗೆ, ಯಾವ ಸ್ಪ್ಯಾನರ್ ಬೇಕು ಎಂದು ಮನೆಯಲ್ಲೇ ನೋಡಿಕೊಂಡು ಹೋಗುವುದು ಒಳ್ಳೆಯದು.

ಹಾಗಾದರೆ ಯಾವ ಸಮುದ್ರಕ್ಕೆ ಹೋಗಬೇಕು? ಎಲ್ಲ ಸಮುದ್ರದ ಉಬ್ಬರವೂ ಒಂದೇ ಅಲ್ಲ. ಮೆಡಿಟರೇನಿಯನ್ ಹೆಚ್ಚು ಕಡಿಮೆ ಮುಚ್ಚಿದ ಸಮುದ್ರ. ಅಟ್ಲಾಂಟಿಕ್‌ನ ನೀರು ಬರಲು ಅದಕ್ಕಿರುವ ಸಹಜ ದಾರಿ ಜಿಬ್ರಾಲ್ಟರ್ ಒಂದೇ, ಅದೂ ತೀರಾ ಇಕ್ಕಟ್ಟಾದ ಕಡೆ ಸುಮಾರು 14 ಕಿಲೋಮೀಟರ್ ಅಗಲ. ಹಾಗಾಗಿ ಅದರ ಹೆಚ್ಚಿನ ಬಂದರುಗಳಲ್ಲಿ ಉಬ್ಬರ ಮೊಣಕಾಲು ಮುಟ್ಟುವುದೂ ಅಪರೂಪ. ಕೆರಿಬಿಯನ್ನಿನಲ್ಲೂ ಬಹುತೇಕ ಕಡೆ ಅರ್ಧ ಮೀಟರಿನ ಆಸುಪಾಸು. ಅಲಾಸ್ಕಾದ ಜೂನೋದಲ್ಲಿ ಸರಾಸರಿಯೇ ಐದು ಮೀಟರ್. ಕೆನಡಾದ ಫಂಡಿ ಕೊಲ್ಲಿಯ ತಲೆಯ ಕಡೆ ಹದಿನಾರು ಮೀಟರ್‌ವರೆಗೆ ಹೋಗುತ್ತದೆ. ಕ್ರೂಸ್ ಹಡಗುಗಳು ನಿಲ್ಲುವುದು ಅದೇ ಕೊಲ್ಲಿಯ ಸೇಂಟ್ ಜಾನ್ ಬಂದರಿನಲ್ಲಿ, ಅಲ್ಲೂ ಏಳೆಂಟು ಮೀಟರ್. ನೀರು ತುಂಬಿದ ಕೊಡ ಹೊತ್ತು ನಡೆಯುವಾಗ, ಹೆಜ್ಜೆಯ ಲಯವೂ ನೀರಿನ ಲಯವೂ ಒಂದಾದರೆ ನೀರು ತುಳುಕಿ ಮೈಮೇಲೆ ಬೀಳುತ್ತದಲ್ಲ, ಫಂಡಿಯಲ್ಲಿ ಆಗುವುದು ಅದೇ. ಆ ಕೊಲ್ಲಿಯ ನೀರು ಒಮ್ಮೆ ಆಚೆ ಈಚೆ ತೂಗಲು ಬೇಕಾದ ಸಮಯವೂ, ಸಾಗರದ ಉಬ್ಬರ ಬಂದು ತಳ್ಳುವ ಸಮಯವೂ ಹತ್ತಿರ ಹತ್ತಿರ ಒಂದೇ.

ನಮ್ಮ ಕಡೆಯ ಲೆಕ್ಕವೂ ಹೇಳಿಬಿಡುತ್ತೇನೆ. ಹವಾಮಾನ ಹಿತವಾಗಿರುವ ತಿಂಗಳುಗಳಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುವ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಉಬ್ಬರ ಇಳಿತದ ಅಂತರ ಸುಮಾರು ಒಂದೂವರೆ ಮೀಟರ್. ಕೊಚ್ಚಿಯಲ್ಲಿ ಇನ್ನೂ ಕಡಿಮೆ. ಮುಂಬೈಯಲ್ಲಿ ದೊಡ್ಡ ಉಬ್ಬರದ ದಿನ ನಾಲ್ಕು ಮೀಟರಿನ ಹತ್ತಿರ.

ದೊಡ್ಡ ಉಬ್ಬರದ ದಿನ ಯಾವುದು ಎಂದು ತಿಳಿಯಲು ಗೋಡೆಯ ಮೇಲಿನ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಸೂರ್ಯ, ಚಂದ್ರ, ಭೂಮಿ ಒಂದು ಸಾಲಿಗೆ ಬರುವುದರಿಂದ ಎರಡರ ಎಳೆತವೂ ಕೂಡಿಕೊಳ್ಳುತ್ತದೆ. ಆ ದಿನ, ಅಥವಾ ಒಂದೆರಡು ದಿನ ತಡೆದು, ನೀರು ಅತಿ ಹೆಚ್ಚು ಏರುತ್ತದೆ, ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಒಬ್ಬರ ಎಳೆತವನ್ನು ಇನ್ನೊಬ್ಬರು ತಗ್ಗಿಸುತ್ತಾರೆ, ಏರಿಳಿತ ಸಪ್ಪೆಯಾಗುತ್ತದೆ. ಅಲಾಸ್ಕಾಕ್ಕೆ ಹೋಗಲೇಬೇಕು ಎನ್ನುವವರು ಜೂನೋ ಅಷ್ಟಮಿಗೆ ಬೀಳುವ ಹಾಗೆ ವಾರ ಆರಿಸಿಕೊಂಡರೆ ಹಡಗಿನ ಕಂಪನಿಯವರೇ ಬೆರಗಾದಾರು! ತಮಾಷೆಗೆ ಹೇಳಿದರೂ ಲೆಕ್ಕ ಮಾತ್ರ ಗಟ್ಟಿ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಹೆಚ್ಚಿನ ಕಡೆ 12 ಗಂಟೆ 25 ನಿಮಿಷ. ಅಂದರೆ ದಿನವೂ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಯಾವ ಬಂದರಿನಲ್ಲಿ ಯಾವ ದಿನ ಎಷ್ಟು ಹೊತ್ತಿಗೆ ಉಬ್ಬರ ಎನ್ನುವ ಪಟ್ಟಿ ಬಹಳ ಮುಂಚೆಯೇ ಸಿಗುತ್ತದೆ.

ಹಡಗಿನವರೂ ಸುಮ್ನೆ ಕೂತಿರುವುದಿಲ್ಲ. ಪಕ್ಕೆಯಲ್ಲಿ ಬೇರೆ ಬೇರೆ ಅಂತಸ್ತಿಗೆ ಬಾಗಿಲುಗಳಿರುತ್ತವೆ. ನೀರು ಏರಿದಾಗ ಮೇಲಿನ ಬಾಗಿಲು ಮುಚ್ಚಿ ಕೆಳಗಿನದನ್ನು ತೆರೆಯುತ್ತಾರೆ. ಜೂನೋದಂಥ ಕಡೆ ದಕ್ಕೆಯನ್ನೇ ತೇಲುವ ಹಾಗೆ ಕಟ್ಟಿರುತ್ತಾರೆ, ಹಡಗಿನ ಜೊತೆ ಅದೂ ಏರಿ ಇಳಿಯುತ್ತದೆ. ಆಗ ಇಳಿಜಾರು ಮಾಯವಾಗುವುದಿಲ್ಲ, ತೇಲುವ ದಕ್ಕೆಗೂ ಊರಿಗೂ ನಡುವಿನ ಸೇತುವೆಗೆ ವರ್ಗವಾಗುತ್ತದೆ ಅಷ್ಟೆ. ಆ ಸೇತುವೆ ಉದ್ದವಾಗಿದ್ದರೆ ಪಾಸು. ಗ್ಯಾಂಗ್‌ವೇ ಬಳಿ ನಿಂತ ಸಿಬ್ಬಂದಿಯನ್ನು ಬೆಳಿಗ್ಗೆಯೇ ಕೇಳಿ: ಇವತ್ತು ಯಾವ ಹೊತ್ತಿಗೆ ಇಳಿಜಾರು ಕಡಿಮೆ? ಹೋಗುವಾಗ ಸಲೀಸಾಗಿದ್ದದ್ದು ಬರುವಾಗಲೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ.

ಇದೆಲ್ಲ ದಕ್ಕೆ ಇರುವ ಊರಿನ ಮಾತು. ದಕ್ಕೆಯೇ ಇಲ್ಲದ ಊರುಗಳೂ ಪಟ್ಟಿಯಲ್ಲಿರುತ್ತವೆ, ಮತ್ತು ಅವೇ ಫೋಟೋದಲ್ಲಿ ಚೆಂದ ಕಾಣುತ್ತವೆ. ಗ್ರೀಸಿನ ಸ್ಯಾಂಟೊರಿನಿ, ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್. ಹಡಗು ದೂರದಲ್ಲೇ ನಿಲ್ಲುತ್ತದೆ, ಜನರನ್ನು ಟೆಂಡರ್ ಎಂಬ ಸಣ್ಣ ದೋಣಿಗೆ ಇಳಿಸಿ ದಡಕ್ಕೆ ಒಯ್ಯುತ್ತಾರೆ. ನಮ್ಮ ಲಕ್ಷದ್ವೀಪದ ಎಷ್ಟೋ ದ್ವೀಪಗಳಲ್ಲೂ ಇದೇ ಕ್ರಮ. ಹವಳದ ದಿಬ್ಬದ ಒಳಗಿನ ನೀರು ಆಳವಿಲ್ಲ, ದೊಡ್ಡ ಹಡಗು ಹೊರಗೇ ನಿಲ್ಲಬೇಕು.

ದೊಡ್ಡ ಹಡಗಿನ ಹೊಟ್ಟೆಯ ಕೆಳಗೆ, ನೀರಿಗೆ ತಾಗಿದಂತೆ ಒಂದು ಹಲಗೆ. ಅದರ ಪಕ್ಕಕ್ಕೆ ದೋಣಿ. ಹಡಗು ನಿಧಾನ ಅಲುಗುತ್ತದೆ, ದೋಣಿ ಚುರುಕಾಗಿ ಕುಣಿಯುತ್ತದೆ. ಎರಡರ ನಡುವಿನ ಅಂತರ ಒಂದು ಕ್ಷಣ ಅಂಗೈಯಷ್ಟು, ಮರುಕ್ಷಣ ಅರ್ಧ ಮೀಟರ್. ನಡೆಯುವವರು ದೋಣಿ ಮೇಲೆ ಬಂದ ಗಳಿಗೆ ನೋಡಿ ಒಂದೇ ಹೆಜ್ಜೆಗೆ ದಾಟಿಬಿಡುತ್ತಾರೆ. ಚಕ್ರಕ್ಕೆ ಆ ಹೆಜ್ಜೆ ಬರುವುದಿಲ್ಲ. ಅದಕ್ಕೇ ಎಷ್ಟೋ ಕಂಪನಿಗಳು ತೂಕದ ಮೋಟಾರ್ ಕುರ್ಚಿಯನ್ನು ದೋಣಿಗೆ ಇಳಿಸುವುದೇ ಇಲ್ಲ. ಮಡಚುವ ಕುರ್ಚಿಯಾದರೂ, ಕೂತವರು ಒಂದೆರಡು ಹೆಜ್ಜೆ ಇಡಬಲ್ಲರೇ ಎಂದು ಮೊದಲು ಕೇಳುತ್ತಾರೆ. ಕೆಲವು ಹಡಗುಗಳಲ್ಲಿ ದೋಣಿಗೆ ಇಳಿಸುವ ಲಿಫ್ಟ್ ಇದೆ. ಇದ್ದರೂ ಕೊನೆಯ ಮಾತು ಆ ದಿನದ ಅಲೆ ನೋಡಿ ಕ್ಯಾಪ್ಟನ್ ಹೇಳುವುದೇ.

ಇಲ್ಲೊಂದು ಸ್ವಾರಸ್ಯವಿದೆ. ಹಡಗು ಪಕ್ಕಕ್ಕೆ ವಾಲದಂತೆ ನೀರಿನೊಳಗೆ ಎರಡೂ ಬದಿಗೆ ಚಾಚುವ ರೆಕ್ಕೆಗಳಿರುತ್ತವೆ. ಹಡಗು ಎಡಕ್ಕೆ ವಾಲಲು ಹೊರಟರೆ ಎಡಗಡೆಯ ರೆಕ್ಕೆ ಮೇಲಕ್ಕೆ ಎತ್ತುವಂತೆ, ಬಲಗಡೆಯದು ಕೆಳಕ್ಕೆ ಒತ್ತುವಂತೆ ತಿರುಗುತ್ತದೆ. ಓಡುವಾಗ ಇವು ವಾಲಾಟದ ಬಹುಭಾಗವನ್ನು ನುಂಗಿಬಿಡುತ್ತವೆ. ಆದರೆ ರೆಕ್ಕೆಗೆ ಬಲ ಬರುವುದು ಹರಿಯುವ ನೀರಿನಿಂದ. ವೇಗ ಅರ್ಧವಾದರೆ ಬಲ ಕಾಲು ಭಾಗವಾಗುತ್ತದೆ. ನಿಂತ ಹಡಗಿಗೆ ಈ ರೆಕ್ಕೆ ಹೆಚ್ಚು ಕಡಿಮೆ ಇದ್ದೂ ಇಲ್ಲದ ಹಾಗೆ. ಅಂದರೆ ದೋಣಿಗೆ ಇಳಿಯುವ, ಎಲ್ಲಕ್ಕಿಂತ ನಾಜೂಕಾದ ಹೊತ್ತಿನಲ್ಲೇ ಅದರ ನೆರವು ಸಿಗುವುದಿಲ್ಲ. ಆಗ ಕ್ಯಾಪ್ಟನ್ ಹಡಗನ್ನೇ ಅಡ್ಡ ತಿರುಗಿಸಿ, ಗಾಳಿ ಅಲೆಗೆ ಅದರ ಮೈಯನ್ನು ತಡೆಗೋಡೆ ಮಾಡಿ, ಮರೆಯ ಬದಿಯಲ್ಲಿ ದೋಣಿ ನಿಲ್ಲಿಸುತ್ತಾನೆ.

ಟ್ರಾವೆಲ್ ಏಜೆಂಟರು ಇದನ್ನೆಲ್ಲ ಹೇಳುವುದು ಕಡಿಮೆ. "ಎಲ್ಲಾ ವ್ಯವಸ್ಥೆ ಇದೆ ಸಾರ್, ನೀವು ಟೆನ್ಷನ್ ತಗೋಬೇಡಿ" ಅನ್ನುತ್ತಾರೆ. ನನ್ನ ಪ್ರಕಾರ ಕೇಳಬೇಕಾದ ಮೊದಲ ಪ್ರಶ್ನೆ, ಈ ಏಳು ಊರಿನಲ್ಲಿ ಎಷ್ಟು ಊರಿಗೆ ದೋಣಿ ಅನ್ನುವುದು. ನಾಲ್ಕು ಎಂದರೆ ದುಡ್ಡು ಕೊಟ್ಟು ನಾಲ್ಕು ಊರನ್ನು ಬಾಲ್ಕನಿಯಿಂದ ನೋಡಿ ಬಂದಂತೆ. ಸ್ಯಾಂಟೊರಿನಿಯ ಹಳೇ ಬಂದರಿನಲ್ಲಂತೂ ದೋಣಿ ಇಳಿದ ಮೇಲೂ ಊರಿರುವುದು ಬಂಡೆಯ ನೆತ್ತಿಯಲ್ಲಿ. ಮೇಲೆ ಹೋಗಲು ಆರುನೂರರ ಹತ್ತಿರ ಮೆಟ್ಟಿಲು, ಇಲ್ಲವೇ ಕೇಬಲ್ ಕಾರ್.

ಹಡಗು ಓಡುವಾಗಿನ ವಿಷಯಕ್ಕೆ ಬರೋಣ. ರೆಕ್ಕೆ ಇದ್ದರೂ ಸಮುದ್ರ ಕೆದರಿದ ದಿನ ಐದು ಡಿಗ್ರಿ ವಾಲಾಟ ಆಗಬಹುದು. ಐದು ಡಿಗ್ರಿ ಅಂದರೆ 1:12ಕ್ಕಿಂತ ತುಸು ಕಡಿದು. ರೂಮುಗಳ ಓಣಿ ಹಡಗಿನ ಉದ್ದಕ್ಕೆ ಇರುವುದರಿಂದ ಈ ವಾಲಾಟ ಕುರ್ಚಿಗೆ ಅಡ್ಡ ಇಳಿಜಾರು. ಅಮೆರಿಕದ ಕಟ್ಟಡ ನಿಯಮ ಅಡ್ಡ ಇಳಿಜಾರಿಗೆ ಒಪ್ಪುವುದು 1:48 ಮಾತ್ರ, ಒಂದು ಡಿಗ್ರಿ ಚಿಲ್ಲರೆ. ಯಾಕೆಂದರೆ ಮುಂದಿನ ಸಣ್ಣ ಚಕ್ರಗಳು ಯಾವಾಗಲೂ ತಗ್ಗಿನ ಕಡೆ ತಿರುಗುತ್ತವೆ. ಓಣಿಯಲ್ಲಿ ನೇರ ಹೋಗಬೇಕೆಂದರೆ ಒಂದು ಕೈ ತಳ್ಳಬೇಕು, ಇನ್ನೊಂದು ತಡೆಯಬೇಕು. ಸ್ವಲ್ಪ ಹೊತ್ತಿಗೇ ಕೈ ಬದಲು. ಭುಜ ನೋಯದೆ ಇರುತ್ತದೆಯೇ? ಅಂಥ ದಿನ ರೂಮಿನಲ್ಲೂ ಕುರ್ಚಿಗೆ ಬ್ರೇಕ್ ಹಾಕಿಯೇ ಇಡಬೇಕು.

ಅಲುಗಾಟ ಕಡಿಮೆ ಇರುವುದು ಹಡಗಿನ ನಡುಮಧ್ಯದಲ್ಲಿ, ಕೆಳಗಿನ ಅಂತಸ್ತಿನಲ್ಲಿ. ಮೂತಿ ಮತ್ತು ಬಾಲದ ಕಡೆ ಏರಿಳಿತ ಜಾಸ್ತಿ. ಸುಮಾರು ಐದು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆಗುವ ಚಲನೆ ವಾಂತಿ ಬರಿಸುವುದರಲ್ಲಿ ಎಲ್ಲಕ್ಕಿಂತ ಮುಂದು. ವೀಲ್‌ಚೇರಿಗೆ ಒಪ್ಪುವ ರೂಮುಗಳು ಎರಡು ಮೂರು ಸಾವಿರ ಜನರ ಹಡಗಿನಲ್ಲೂ ಕೆಲವೇ ಡಜನ್ ಇರುವುದರಿಂದ, ನಡುವಿನದೇ ಬೇಕೆಂದರೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಬೇಕು.

ಮೊದಲು ಇಂಥ ರೂಮುಗಳೂ ಇರಲಿಲ್ಲ. ಹಳೆಯ ಹಡಗುಗಳಲ್ಲಿ ಕ್ಯಾಬಿನ್ ಬಾಗಿಲು ಎರಡು ಅಡಿಗಿಂತ ಕಿರಿದು, ಎಲ್ಲೆಲ್ಲೂ ಹೊಸ್ತಿಲು. ಡೆಕ್ಕಿಗೆ ತೆರೆಯುವ ಬಾಗಿಲಿಗೆ ಹೊಸ್ತಿಲು ಇಟ್ಟದ್ದು ಒಳಗೆ ನೀರು ನುಗ್ಗದಿರಲಿ ಎಂದು. 1966ರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಕೆಲವು ಬಾಗಿಲುಗಳಿಗೆ 380 ಮಿಲಿಮೀಟರ್ ಹೊಸ್ತಿಲು ಕಡ್ಡಾಯ. ಸುರಕ್ಷತೆಗೆ ಇಟ್ಟದ್ದೇ ವೀಲ್‌ಚೇರಿಗೆ ಗೋಡೆಯಾಯಿತು. ಹ್ಯೂಸ್ಟನ್ನಿನಿಂದ ಹೊರಟಿದ್ದ ಕ್ರೂಸ್‌ಗಳ ಬಗ್ಗೆ ಅಂಗವಿಕಲ ಪ್ರಯಾಣಿಕರು ಹೂಡಿದ ಮೊಕದ್ದಮೆಯೊಂದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. ಅದರಲ್ಲಿ ಈ ಹೊಸ್ತಿಲುಗಳ ಮಾತೂ ಬಂತು. 2005ರಲ್ಲಿ ತೀರ್ಪು: ಹಡಗಿನ ಬಾವುಟ ಬೇರೆ ದೇಶದ್ದಾದರೂ, ಅಮೆರಿಕದ ನೀರಿನಲ್ಲಿದ್ದಾಗ ಅಲ್ಲಿನ ಅಂಗವಿಕಲರ ಹಕ್ಕಿನ ಕಾನೂನು ಅದಕ್ಕೂ ಅನ್ವಯ. ಆದರೆ ಸಮುದ್ರ ಸುರಕ್ಷತೆಯ ಒಪ್ಪಂದಕ್ಕೆ ಅಡ್ಡ ಬರುವ ಬದಲಾವಣೆಯನ್ನು ಕೇಳುವಂತಿಲ್ಲ. ಈಗಿನ ಹಡಗುಗಳಲ್ಲಿ ಹೊಸ್ತಿಲಿನ ಎರಡೂ ಬದಿ ಸಣ್ಣ ಇಳಿಜಾರು ಕೂಡಿಸಿರುವುದನ್ನು ನೋಡಬಹುದು.

ಬ್ಯಾಟರಿ ಕುರ್ಚಿಯವರಿಗೆ ಒಂದೆರಡು ಮಾತು. ಹಡಗಿನ ಪ್ಲಗ್ಗಿನಲ್ಲಿ ಬರುವುದು 110 ವೋಲ್ಟ್ ಇರಬಹುದು, ನಮ್ಮ 230ರ ಚಾರ್ಜರ್ ಎರಡಕ್ಕೂ ಒಗ್ಗುತ್ತದೆಯೇ ಎಂದು ಅದರ ಹಿಂದಿನ ಚೀಟಿ ಓದಿ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ. ಹಡಗಿನ ವೈರಿಂಗ್ ಮನೆಯದರಂತಲ್ಲ, ಅದರಿಂದ ಬೆಂಕಿ ಹೊತ್ತಿಕೊಳ್ಳಬಹುದು ಎಂದು ಹತ್ತುವಾಗಲೇ ಕಿತ್ತುಕೊಳ್ಳುತ್ತಾರೆ. ಬಂದರಿನ ತನಕ ವಿಮಾನದಲ್ಲಿ ಹೋಗುವವರು ಲಿಥಿಯಂ ಬ್ಯಾಟರಿ ಎಷ್ಟು ವ್ಯಾಟ್-ಅವರ್ ಎಂದು ಏರ್‌ಲೈನ್‌ಗೆ ಮೊದಲೇ ತಿಳಿಸಬೇಕು. ಕಳಚಿ ಒಯ್ಯುವ ಬ್ಯಾಟರಿಗೆ 300ರ ಮಿತಿ ಇದೆ.

ಇನ್ನು ಯಾರೂ ಕೇಳಲು ಇಷ್ಟಪಡದ ಪ್ರಶ್ನೆ, ಆಪತ್ತಿನದು. 2012ರ ಜನವರಿಯಲ್ಲಿ ಇಟಲಿಯ ಗಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ವಾಲಿತು, 32 ಜನ ಸತ್ತರು. ಅದೇ ದಿನ ಹತ್ತಿದ್ದವರಿಗೆ ಜೀವರಕ್ಷಣೆಯ ಅಭ್ಯಾಸ ಇನ್ನೂ ಆಗಿರಲಿಲ್ಲ. 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ನಿಯಮವಿತ್ತು. 2015ರಿಂದ ಹಡಗು ಹೊರಡುವ ಮುಂಚೆ, ಇಲ್ಲವೇ ಹೊರಟ ಕೂಡಲೇ ಮಾಡಲೇಬೇಕು. ಲೈಫ್‌ಬೋಟ್‌ಗಳನ್ನು ಹಡಗು 20 ಡಿಗ್ರಿ ವಾಲಿದರೂ ಇಳಿಸಲು ಬರುವಂತೆ ಮಾಡಿರುತ್ತಾರೆ. ಆದರೆ 20 ಡಿಗ್ರಿ ನೆಲದಲ್ಲಿ ವೀಲ್‌ಚೇರ್ ಉರುಳಿಸುವ ಮಾತೇ ಇಲ್ಲ, ಆ ಹೊತ್ತಿನಲ್ಲಿ ಲಿಫ್ಟ್ ಬಳಸುವಂತೆಯೂ ಇಲ್ಲ. ಸಿಬ್ಬಂದಿ ಬಂದು ಮೆಟ್ಟಿಲಿನ ಮೇಲೆ ಜಾರಿಸುವ ಪಟ್ಟೆಯ ಕುರ್ಚಿಗೆ ಕೂರಿಸಿ ಸಾಗಿಸಬೇಕು. ಆ ಕುರ್ಚಿ ಸಲೀಸಾಗಿ ಜಾರುವುದು ಕೆಳಕ್ಕೆ. ಮೇಲಕ್ಕಾದರೆ ಹೊತ್ತೇ ಒಯ್ಯಬೇಕು. ಹಾಗಾಗಿ ಅಲುಗಾಟ ಕಡಿಮೆ ಎಂದು ತೀರಾ ಕೆಳಗಿನ ಅಂತಸ್ತು ಹಿಡಿದರೆ, ಲೈಫ್‌ಬೋಟ್ ಇರುವ ಅಂತಸ್ತಿಗೆ ಹತ್ತಬೇಕಾಗುತ್ತದೆ. ಅದಕ್ಕಿಂತ ಒಂದೆರಡು ಅಂತಸ್ತು ಮೇಲೆ, ನಡುಮಧ್ಯದಲ್ಲಿ ರೂಮು ಸಿಕ್ಕರೆ ನಾನಂತೂ ಬೇರೆ ಯೋಚಿಸುವುದಿಲ್ಲ.

ಮೊದಲ ದಿನವೇ ರಿಸೆಪ್ಷನ್ನಿಗೆ ಹೋಗಿ, ನೆರವು ಬೇಕಾದವರ ಪಟ್ಟಿಯಲ್ಲಿ ಹೆಸರು, ರೂಮ್ ನಂಬರ್ ಇದೆಯೇ ನೋಡಿಕೊಳ್ಳಿ. ಆ ಕುರ್ಚಿಯನ್ನು ಎಲ್ಲಿ ಇಟ್ಟಿದ್ದಾರೆ ಎಂದು ಕೇಳಿ. ಬಿಡುವಿನ ಹೊತ್ತಿನಲ್ಲಿ ಅದರಲ್ಲಿ ಒಮ್ಮೆ ಕೂತು ನೋಡಲು ಬಿಡುತ್ತಾರೆಯೇ ವಿಚಾರಿಸಿ. ಬೆಲ್ಟ್ ಎಲ್ಲಿಗೆ ಬರುತ್ತದೆ, ಕತ್ತು ಗಟ್ಟಿ ನಿಲ್ಲದವರಿಗೆ ಆಸರೆ ಇದೆಯೇ, ಕೃತಕ ಕಾಲು ಸಿಕ್ಕಿಕೊಳ್ಳುತ್ತದೆಯೇ ಎನ್ನುವುದು ಕೂತಾಗಲೇ ಗೊತ್ತಾಗುವುದು.